ಸಂಗೀತಗಾರರ ಸ್ವಾನುಭವ ಬರಹ: ಮೈಸೂರು

ಹಾಡುವವರು, ನುಡಿಸುವವರು, ರಂಗಸಂಗೀತ ಕಟ್ಟಿದವರು ತಮ್ಮ ಬದುಕು, ಅಲೆದಾಟ, ಒಡನಾಟಗಳನ್ನು ಗದ್ಯದಲ್ಲಿ ದಾಖಲಿಸಿದ ಬರಹಗಳಿಗೆ ಈ ಹೆಸರು. ದಿನಚರಿ, ಪ್ರವಾಸ ಕಥನ, ಆತ್ಮಕಥೆ, ವ್ಯಕ್ತಿಚಿತ್ರ, ಪುಸ್ತಕಕ್ಕೆ ಬರೆದ ಪೀಠಿಕೆ, ಅರಮನೆಗೆ ಬರೆದ ಕಾಗದ ಎಲ್ಲವೂ ಇದರಲ್ಲಿ ಸೇರುತ್ತವೆ. ಪಶ್ಚಿಮದಲ್ಲಿ ಈ ಪ್ರಕಾರಕ್ಕೆ ದೊಡ್ಡ ಓದುಗ ವರ್ಗವಿದೆ. ಅಮೆರಿಕದ ಪಂಕ್ ಗಾಯಕ ಹೆನ್ರಿ ರಾಲಿನ್ಸ್ 1981ರಿಂದ 1986ರವರೆಗೆ ‘ಬ್ಲ್ಯಾಕ್ ಫ್ಲ್ಯಾಗ್’ ತಂಡದಲ್ಲಿ ಹಾಡುತ್ತ, ಒಂದು ವ್ಯಾನಿನಲ್ಲಿ ಊರೂರು ತಿರುಗಿದ. ಆಗಿನ ಹಸಿವು, ಹೊಡೆದಾಟ, ಪೊಲೀಸರ ಕಾಟಗಳನ್ನು ದಿನಚರಿಯಲ್ಲಿ ಬರೆದುಕೊಂಡು, 1994ರಲ್ಲಿ ‘ಗೆಟ್ ಇನ್ ದ ವ್ಯಾನ್’ ಎಂಬ ಪುಸ್ತಕ ಮಾಡಿದ. ಪ್ರಕಾಶಕರನ್ನು ಹುಡುಕಿಕೊಂಡು ಹೋಗದೆ ತನ್ನ ಹುಟ್ಟಿದ ದಿನಾಂಕವನ್ನೇ ಹೆಸರಾಗಿಸಿಕೊಂಡ ಸ್ವಂತ ಪ್ರಕಾಶನ ನಡೆಸಿದ. ಆ ಪುಸ್ತಕವನ್ನು ಅವನೇ ಓದಿದ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಪ್ಯಾಟಿ ಸ್ಮಿತ್ ಅವರ ‘ಜಸ್ಟ್ ಕಿಡ್ಸ್’ 2010ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆಯಿತು. ಇಂಥ ಬರಹದಲ್ಲಿ ‘ನಾನು’ ಮುಂದೆ ನಿಂತು ಮಾತಾಡುತ್ತದೆ.

ಮೈಸೂರಿನಲ್ಲಿ ‘ನಾನು’ ಹಾಗೆ ನಿಲ್ಲುವುದಿಲ್ಲ. ಇಲ್ಲಿನ ಸಂಗೀತಗಾರ ತನ್ನ ಕಥೆ ಹೇಳಬೇಕಾದರೆ ಗುರುವಿನ ಕಥೆ ಹೇಳುತ್ತಾನೆ, ಇನ್ನೊಬ್ಬರ ಪುಸ್ತಕಕ್ಕೆ ಪೀಠಿಕೆ ಬರೆಯುತ್ತಾನೆ, ಅರಮನೆಗೆ ಅರ್ಜಿ ಹಾಕುತ್ತಾನೆ, ಇಲ್ಲವೆ ಬೇರೆ ಲೇಖಕರನ್ನು ಎದುರು ಕೂರಿಸಿಕೊಂಡು ಮಾತಾಡಿಬಿಡುತ್ತಾನೆ. ಸಂಗೀತಕ್ಕೆ ಇಷ್ಟು ಹೆಸರಾದ ನಗರದಲ್ಲಿ ಸಂಗೀತಗಾರರೇ ಬರೆದ ಆತ್ಮಕಥೆಗಳು ಇಷ್ಟು ಕಡಿಮೆ ಏಕೆ ಎಂದು ಕೇಳುವವರು ಈ ಅಡ್ಡದಾರಿಗಳಲ್ಲಿ ಹುಡುಕಬೇಕು. ಸರಕು ಅಲ್ಲಿ ಸಾಕಷ್ಟಿದೆ.

ಅರಮನೆಯ ಕಡತಗಳು

ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಆಸ್ಥಾನಕ್ಕೆ ಬಾರದ ದೊಡ್ಡ ಸಂಗೀತಗಾರರು ಕಡಿಮೆ. ಆಗ್ರಾ ಘರಾನೆಯ ನತ್ಥನ್ ಖಾನ್ ಇಲ್ಲೇ ಆಸ್ಥಾನ ಗಾಯಕರಾಗಿದ್ದು ಇಲ್ಲೇ ತೀರಿಕೊಂಡರು. ಅಬ್ದುಲ್ ಕರೀಂ ಖಾನ್ ಮೈಸೂರಿಗೆ ಬಂದು ಹೋಗುವ ದಾರಿಯಲ್ಲಿ ಧಾರವಾಡದಲ್ಲಿ ತಂಗುತ್ತಿದ್ದುದರಿಂದ ಉತ್ತರ ಕರ್ನಾಟಕದ ಗಾಯನದ ಚರಿತ್ರೆಯೇ ಬೇರೆ ತಿರುವು ಪಡೆಯಿತು. ಇವರ ಪ್ರಯಾಣಗಳು ಒಂದೊಂದೂ ಒಂದು ಪುಸ್ತಕವಾಗಬಹುದಿತ್ತು. ಆದರೆ ಆಸ್ಥಾನದಿಂದ ಆಸ್ಥಾನಕ್ಕೆ ಅಲೆಯುವವರಿಗೆ ಸಂಚಾರವೆಂದರೆ ಸಂಭಾವನೆಯ ದಾರಿ. ಅದು ಬರೆಯಬೇಕಾದ ಸಂಗತಿ ಎಂದು ಅವರಿಗೆ ತೋರಿರಲಾರದು. ಬರೆದವರು ಅರಮನೆಯ ಗುಮಾಸ್ತರು. ಯಾರು ಬಂದರು, ಯಾವ ದಸರೆಯಲ್ಲಿ ಹಾಡಿದರು, ಎಷ್ಟು ಖಿಲ್ಲತ್ತು ಕೊಟ್ಟದ್ದಾಯಿತು ಎಂಬುದೆಲ್ಲ ಕಡತ ಸೇರಿತು.

ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಗೌಹರ್ ಜಾನ್. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಮೊಟ್ಟಮೊದಲು ಹಾಡಿದವರ ಸಾಲಿನ ಈ ಕಲ್ಕತ್ತೆಯ ಗಾಯಕಿ ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಕೆ ಆತ್ಮಕಥೆ ಬರೆಯಲಿಲ್ಲ. ವಿಕ್ರಮ್ ಸಂಪತ್ ಅವರು 2010ರಲ್ಲಿ ಪ್ರಕಟಿಸಿದ ಗೌಹರ್ ಜಾನ್ ಜೀವನ ಚರಿತ್ರೆಗೆ ಮೂಲ ಸಿಕ್ಕಿದ್ದು ಮೈಸೂರಿನ ಅರಮನೆ ದಾಖಲೆಗಳಲ್ಲಿ. ನೇಮಕ, ಸಂಬಳ ಮುಂತಾದ ಒಣ ವಿಷಯಗಳ ಪತ್ರವ್ಯವಹಾರದ ನಡುವೆ, ಒಂದು ಕಾಲಕ್ಕೆ ಇಡೀ ದೇಶ ಕೇಳಿದ ಕಲಾವಿದೆಯೊಬ್ಬಳ ಕೊನೆಯ ದಿನಗಳು ಅಲ್ಲಿ ಉಳಿದಿದ್ದವು. ಅಧಿಕಾರಿಗಳಿಗೆ ಬರೆದ ಕಾಗದವನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಆದರೆ ಬರೆಯುವ ಅಭ್ಯಾಸವಿಲ್ಲದ, ಬರೆಯಲು ಬಿಡುವಿಲ್ಲದ ಕಲಾವಿದರ ಸ್ವಂತ ದನಿ ಎಲ್ಲಾದರೂ ಉಳಿದಿದ್ದರೆ ಅದು ಇಂಥ ಕಾಗದಗಳಲ್ಲೇ.

ನಾಗರತ್ನಮ್ಮನವರ ಪೀಠಿಕೆ

ಮೈಸೂರು ಸೀಮೆಯ ಸಂಗೀತಗಾರರ ಗದ್ಯದಲ್ಲಿ ನಿಜಕ್ಕೂ ಸಿಟ್ಟಿನ ಬರಹ ಯಾವುದೆಂದರೆ, ಬೆಂಗಳೂರು ನಾಗರತ್ನಮ್ಮ ತೆಲುಗಿನಲ್ಲಿ ಬರೆದ ಒಂದು ಪೀಠಿಕೆ. ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ದೇವದಾಸಿ ಮನೆತನದ ತಾಯಿ ಪುಟ್ಟಲಕ್ಷಮ್ಮ ಕಷ್ಟಪಟ್ಟು ಸಾಕಿ ಸಂಸ್ಕೃತ, ಸಂಗೀತ, ನೃತ್ಯ ಕಲಿಸಿದರು. ಮಗಳು ಬೆಂಗಳೂರಿಗೆ, ಅಲ್ಲಿಂದ ಮದರಾಸಿಗೆ ಹೋಗಿ ದೊಡ್ಡ ಹೆಸರು, ದೊಡ್ಡ ಆಸ್ತಿ ಎರಡನ್ನೂ ಸಂಪಾದಿಸಿದರು.

ಹದಿನೆಂಟನೆಯ ಶತಮಾನದ ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಕಾವ್ಯವನ್ನು ನಾಗರತ್ನಮ್ಮ 1910ರಲ್ಲಿ ಪರಿಷ್ಕರಿಸಿ ವಾವಿಳ್ಳ ಪ್ರಕಾಶನದಿಂದ ಅಚ್ಚು ಹಾಕಿಸಿದರು. ತೆಲುಗಿನ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಆ ಕಾವ್ಯವನ್ನೂ ಅದನ್ನು ಬರೆದವಳನ್ನೂ ಹೀಗಳೆದಿದ್ದರು. ಪೀಠಿಕೆಯಲ್ಲಿ ನಾಗರತ್ನಮ್ಮ ಇದಕ್ಕೆ ಉತ್ತರ ಕೊಟ್ಟರು. ನಾಚಿಕೆ ಹೆಂಗಸರಿಗೆ ಮಾತ್ರವೇ, ಇದಕ್ಕಿಂತ ಬಿಚ್ಚುಮಾತಿನ ಗಂಡಸರ ಕಾವ್ಯಗಳನ್ನು ಪಂಡಿತರು ತಲೆಯ ಮೇಲೆ ಹೊತ್ತು ಮೆರೆಸುವುದು ಹೇಗೆ ಎಂಬುದು ಅವರ ವಾದದ ಸಾರ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ, ಮದರಾಸಿನಲ್ಲಿ ತಂಗುಟೂರಿ ಪ್ರಕಾಶಂ ಪ್ರಧಾನಿಯಾಗಿದ್ದಾಗ.

ಆ ಪುಟಗಳಲ್ಲಿ ನಾಗರತ್ನಮ್ಮ ತಮ್ಮ ಬದುಕಿನ ಘಟನೆಗಳನ್ನು ಹೇಳಿಕೊಳ್ಳುವುದಿಲ್ಲ. ಆದರೂ ವೇಶ್ಯೆ ಎಂಬ ಬೈಗುಳವನ್ನು ಸತ್ತ ಕವಯಿತ್ರಿಯ ಪರವಾಗಿ ಎದುರಿಸುವಾಗ ತಮ್ಮ ಲೆಕ್ಕವನ್ನೂ ಚುಕ್ತಾ ಮಾಡಿಕೊಂಡಿದ್ದಾರೆ ಎಂಬುದು ಓದಿದವರಿಗೆ ತಿಳಿಯುತ್ತದೆ. ಮುಂದೆ ಇದೇ ಹೆಂಗಸು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿ, ಹೆಂಗಸರಿಗೆ ಹಾಡಲು ಅವಕಾಶವಿಲ್ಲದ ಆರಾಧನೆಯಲ್ಲಿ ತಮ್ಮದೇ ಗೋಷ್ಠಿ ನಡೆಸಿ ಹಾಡಿದರು.

ಮೈಸೂರು ವಾಸುದೇವಾಚಾರ್ಯ

ಅದೇ ತಿರುವೈಯಾರಿಗೆ, ಸಮಾಧಿಯ ಮೇಲೆ ಇನ್ನೂ ಗುಡಿ ಇಲ್ಲದಿದ್ದ ಕಾಲದಲ್ಲಿ, ಸಂಗೀತ ಕಲಿಯಲು ಹೋದ ಮೈಸೂರಿನ ತರುಣ ವಾಸುದೇವಾಚಾರ್ಯ. ಈ ಲೇಖನದ ವಿಷಯಕ್ಕೆ ಕನ್ನಡದಲ್ಲಿ ಮುಖ್ಯ ಲೇಖಕರು ಅವರೇ.

ವಾಸುದೇವಾಚಾರ್ಯರು 1865ರ ಮೇ 28ರಂದು ಮೈಸೂರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಾತನ ಆಸರೆಯಲ್ಲಿ ಬೆಳೆದರು. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳನ್ನು ಓದುತ್ತಲೇ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಮೊದಲ ಪಾಠಗಳನ್ನು ಕಲಿತರು. ಹುಡುಗನ ಒಲವನ್ನು ಕಂಡ ಚಾಮರಾಜ ಒಡೆಯರು ವೇತನ ಗೊತ್ತುಮಾಡಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿದರು. ಸುಬ್ರಹ್ಮಣ್ಯ ಅಯ್ಯರ್ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರ ಶಿಷ್ಯರು. ವೆಂಕಟಸುಬ್ಬಯ್ಯರ್ ತ್ಯಾಗರಾಜರ ಶಿಷ್ಯರು. ಗುರುಕುಲವಾಸ ಮುಗಿಸಿ ಮರಳಿದ ಮೇಲೆ ಆಚಾರ್ಯರು ಚಾಮರಾಜ ಒಡೆಯರು, ನಾಲ್ವಡಿಯವರು, ಜಯಚಾಮರಾಜ ಒಡೆಯರು ಹೀಗೆ ಮೂವರು ಅರಸರ ಆಸ್ಥಾನವನ್ನು ಕಂಡರು. 1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1954ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1959ರಲ್ಲಿ ಪದ್ಮಭೂಷಣ ಬಂದವು. ರುಕ್ಮಿಣಿದೇವಿ ಅರುಂಡೇಲ್ ಅವರ ಕರೆಯ ಮೇರೆಗೆ ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ, ವಾಲ್ಮೀಕಿ ರಾಮಾಯಣದ ನೃತ್ಯನಾಟಕ ಸರಣಿಗೆ ಸಂಗೀತ ಕೂಡಿಸಿದರು. ಆರು ಭಾಗಗಳಲ್ಲಿ ನಾಲ್ಕು ಅವರ ಕೈಯಲ್ಲಿ ಮುಗಿದವು, ಉಳಿದವನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು. ಆಚಾರ್ಯರು 1961ರ ಮೇ 17ರಂದು ತೀರಿಕೊಂಡರು.

ಅವರ ಗದ್ಯ ಕೃತಿಗಳು ಎರಡು: ಸಂಗೀತಗಾರರ ವ್ಯಕ್ತಿಚಿತ್ರಗಳ ‘ನಾ ಕಂಡ ಕಲಾವಿದರು’ ಮತ್ತು ತಮ್ಮ ಬದುಕಿನ ‘ನೆನಪುಗಳು’. ತೊಂಬತ್ತರ ಆಸುಪಾಸಿನಲ್ಲಿ, ಸುಮಾರು ಏಳು ದಶಕಗಳ ಹಿಂದಿನದನ್ನು ನೆನೆದು ಹೇಳಿದ ಮಾತುಗಳಿವು. ಮೊಮ್ಮಗ, ಆಕಾಶವಾಣಿಯ ಎಸ್. ಕೃಷ್ಣಮೂರ್ತಿ ಅವರ ಶ್ರಮದಿಂದ ಈ ಬರಹ ಇಂಗ್ಲಿಷ್ ಓದುಗರನ್ನೂ ಮುಟ್ಟಿತು. ಇಂದು ಕರ್ನಾಟಕ ಸಂಗೀತದ ಚರಿತ್ರೆ ಬರೆಯುವ ಯಾರೂ ಇವುಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಧ್ವನಿಮುದ್ರಣ ಬರುವ ಮುಂಚಿನ ತಲೆಮಾರು ಹೇಗೆ ಹಾಡುತ್ತಿತ್ತು ಎಂಬುದಕ್ಕೆ ಇನ್ನೊಬ್ಬ ಒಳಗಿನ ಸಾಕ್ಷಿ ಸಿಗುವುದು ಕಷ್ಟ.

ಇದರಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಆಚಾರ್ಯರ ಇನ್ನೂರಕ್ಕೂ ಹೆಚ್ಚಿನ ರಚನೆಗಳು ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ 1980ರ ‘ಶಂಕರಾಭರಣಂ’ ಸಿನಿಮಾದ ಮೂಲಕ ಸಂಗೀತ ಕಚೇರಿಯ ಗಂಧವಿಲ್ಲದವರ ಬಾಯಿಗೂ ಬಂತು. ಅದು ಮೈಸೂರಿನವರ ಕೃತಿ ಎಂದು ಹೇಳಿದರೆ ಎಷ್ಟೋ ಮಂದಿ ನಂಬುವುದಿಲ್ಲ. ದೇವರೊಂದಿಗೆ ತೆಲುಗು, ಸಂಸ್ಕೃತಗಳಲ್ಲಿ ಮಾತಾಡಿದ ಈ ವಾಗ್ಗೇಯಕಾರ ಮನುಷ್ಯರ ಬಗ್ಗೆ ಹೇಳುವಾಗ ಮನೆಯ ಕನ್ನಡಕ್ಕೆ ಬಂದರು. ಪ್ರತಿ ಕೃತಿಯ ಕೊನೆಗೂ ‘ವಾಸುದೇವ’ ಎಂದು ಮುದ್ರೆ ಒತ್ತಿದವರು ಗದ್ಯದಲ್ಲಿ ಮಾತ್ರ ತಮ್ಮನ್ನು ಆದಷ್ಟು ಮರೆಯಲ್ಲಿಟ್ಟುಕೊಂಡರು. ತಾವು ಹೇಗೆ ಹಾಡಿದೆವು ಎಂಬುದಕ್ಕಿಂತ ಏನು ಕೇಳಿದೆವು ಎಂಬುದರ ಮೇಲೆ ಅವರ ಲಕ್ಷ್ಯ. ಈ ಎರಡು ಪುಸ್ತಕಗಳು ಒಬ್ಬ ಗಾಯಕನ ಕಂಠಕ್ಕಿಂತ ಅವನ ಕಿವಿಯ ಚರಿತ್ರೆ.

ಗುರುಕುಲವಾಸದ ಭಾಗವನ್ನು ಓದುವಾಗ ಇದು ಹೆಚ್ಚು ತಿಳಿಯುತ್ತದೆ. ಆ ಕಾಲದ ಪಾಠಕ್ಕೆ ವೇಳಾಪಟ್ಟಿ ಇರಲಿಲ್ಲ. ಗುರುವಿನ ಸೇವೆ, ಗುರುವಿನ ಮನೆಗೆಲಸ, ಗುರು ತಮಗಾಗಿ ಹಾಡಿಕೊಳ್ಳುವಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವುದು, ಇದೇ ವಿದ್ಯಾಭ್ಯಾಸ. ಕೂತು ಹೇಳಿಕೊಟ್ಟದ್ದು ಕಡಿಮೆ, ಕೇಳಿ ಹಿಡಿದದ್ದು ಹೆಚ್ಚು. ಅರಮನೆಯ ವೇತನ ಪಡೆದು ಬಂದ ಹುಡುಗನಿಗೆ ಊರಿಗೆ ಮರಳಿ ಪ್ರಭುಗಳ ಮುಂದೆ ಹಾಡಿ ತೋರಿಸಬೇಕಾದ ಹೊಣೆ ಬೇರೆ. ಇಂಥ ಕಷ್ಟವನ್ನು ಇಪ್ಪತ್ತನೆಯ ಶತಮಾನದ ಇನ್ನೊಬ್ಬ ಲೇಖಕ ದೂರಾಗಿ ಬರೆಯುತ್ತಿದ್ದ. ಆಚಾರ್ಯರ ಬರಹದಲ್ಲಿ ಅದು ಕೃತಜ್ಞತೆಯಾಗಿ ಬರುತ್ತದೆ, ನಡುವೆ ಎಲ್ಲೋ ತೆಳುವಾದ ನಗೆಯಾಗಿಯೂ.

ವ್ಯಕ್ತಿಚಿತ್ರಗಳಲ್ಲಿ ಮೈಸೂರಿನವರೂ ಕಾವೇರಿ ಕೆಳಹರಿವಿನ ವಿದ್ವಾಂಸರೂ ಇದ್ದಾರೆ. ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ (1866–1931) ಇವರೆಲ್ಲ ಆಚಾರ್ಯರ ಓರಗೆಯವರು ಇಲ್ಲವೆ ಹಿರಿಯ ಒಡನಾಡಿಗಳು. ಶೇಷಣ್ಣನವರ ಬಗ್ಗೆ ಮೈಸೂರಿನಲ್ಲಿ ಇಂದಿಗೂ ಓಡಾಡುವ ಒಂದು ಕಥೆಯಿದೆ: ಬರೋಡಾದ ಮಹಾರಾಜರು ಸನ್ಮಾನಿಸಿ ಪಲ್ಲಕ್ಕಿ ಕೊಟ್ಟಾಗ ಅವರು ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದರಂತೆ. ಉಡುಪಿ ಕಡೆಯ ನಂದಳಿಕೆಯಿಂದ ಬಂದ ಬಡ ಹುಡುಗ ಕೃಷ್ಣಪ್ಪ ಆಸ್ಥಾನ ವಿದ್ವಾಂಸರಾಗಿ, ಕಚೇರಿಯಲ್ಲಿ ಕನ್ನಡ ದೇವರನಾಮಗಳಿಗೆ ಗೌರವದ ಜಾಗ ಕೊಟ್ಟು, ಗಳಿಸಿದ್ದನ್ನೆಲ್ಲ ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅಲ್ಲಿ ಕಚೇರಿಗಳು ಈಗಲೂ ನಡೆಯುತ್ತವೆ. ಕೃಷ್ಣಪ್ಪನವರ ಶಿಷ್ಯ, ಏಳು ತಂತಿಯ ಪಿಟೀಲು ರೂಢಿಗೆ ತಂದ ಟಿ. ಚೌಡಯ್ಯ ದಕ್ಷಿಣ ಭಾರತದ ರೈಲುಗಳಲ್ಲಿ ಸುತ್ತಿದಷ್ಟು ಸುತ್ತಿದ ಮೈಸೂರಿನ ಕಲಾವಿದ ಇನ್ನೊಬ್ಬರಿರಲಾರರು. ಅವರ ಪ್ರವಾಸದ ಕಥೆಗಳು ಇತರರ ಬಾಯಲ್ಲಿ ಉಳಿದಿವೆ.

ಆಚಾರ್ಯರ ಬರಹಕ್ಕೆ ಮಿತಿಗಳಿವೆ. ಏಳು ದಶಕದ ಹಿಂದಿನ ಕಚೇರಿಯಲ್ಲಿ ಯಾರು ಯಾವ ರಾಗವನ್ನು ಎಷ್ಟು ಹೊತ್ತು ಹಾಡಿದರು ಎಂಬ ನೆನಪನ್ನು ದಾಖಲೆಯೆಂದು ಹಾಗೆಯೇ ಒಪ್ಪಲಾಗದು. ಸಾಕಷ್ಟು ಸಂಶೋಧಕರು ಹಾಗೆ ಒಪ್ಪಿದ್ದಾರೆ. ಯಾರನ್ನೂ ನೋಯಿಸಬಾರದೆಂಬ ಸೌಜನ್ಯ ಎಲ್ಲೆಲ್ಲೂ ಇರುವುದರಿಂದ ವಿದ್ವಾಂಸರ ನಡುವಿನ ಮತ್ಸರ, ಸಂಭಾವನೆಯ ತಾರತಮ್ಯ, ಜಾತಿಯ ಲೆಕ್ಕಾಚಾರಗಳು ಸಾಲುಗಳ ಸಂದಿಯಲ್ಲಷ್ಟೆ ಇಣುಕುತ್ತವೆ. ಪ್ರಭುಗಳು ಎಂದೂ ತಪ್ಪು ಮಾಡುವುದಿಲ್ಲ. ಆದರೆ ದಿನಚರಿಯ ಪ್ರಾಮಾಣಿಕತೆಯೊಂದೇ ಪ್ರಾಮಾಣಿಕತೆ ಎಂದು ಹಟ ಹಿಡಿಯದಿದ್ದರೆ, ಇನ್ನೊಬ್ಬರ ಹಾಡನ್ನು ಇಷ್ಟು ಕಾಲ ಮನಸ್ಸಿನಲ್ಲಿ ಕಾಪಿಟ್ಟು ಒಪ್ಪಿಸಿದ್ದು ಸಣ್ಣ ಕೆಲಸವೇನಲ್ಲ.

ಈ ಗದ್ಯದ ಧಾಟಿ ಮಾತಿನದು. ಅದಕ್ಕೆ ಮೈಸೂರಿನ ಇನ್ನೊಂದು ಹಿನ್ನೆಲೆಯಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಖಾಸಗಿ ಬಾನುಲಿ ಕೇಂದ್ರ ಶುರುಮಾಡಿದ್ದರು. ಬಾನುಲಿ ಬಂದ ಮೇಲೆ ಹಿರಿಯ ಸಂಗೀತಗಾರರಿಗೆ ಹಾಡುವುದರ ಜೊತೆಗೆ ಹಳೆಯದನ್ನು ನೆನೆದು ಹೇಳುವ ಕೆಲಸವೂ ಬಂತು. ಲೇಖನಿ ಹಿಡಿಯಲು ಹಿಂಜರಿಯುವವರು ಮೈಕಿನ ಮುಂದೆ ಸಲೀಸಾಗಿ ಮಾತಾಡಿದರು.

ಅರಸ ಮತ್ತು ಕಾದಂಬರಿಕಾರ

ಜಯಚಾಮರಾಜ ಒಡೆಯರು (1919–1974) ಶ್ರೀವಿದ್ಯಾ ಮುದ್ರೆಯ 94 ಕೃತಿಗಳನ್ನು ರಚಿಸಿದವರು, ಪಾಶ್ಚಾತ್ಯ ಸಂಗೀತದ ಪೋಷಕರು. ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ಧ್ವನಿಮುದ್ರಿಸಲು ಅವರು ಕೊಟ್ಟ ನೆರವು, 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗಕ್ಕೆ ಕೊಟ್ಟ ಬೆಂಬಲ ಯುರೋಪಿನ ಸಂಗೀತ ಚರಿತ್ರೆಯಲ್ಲಿ ದಾಖಲಾಗಿವೆ. ಅವರು ಬರೆದದ್ದೂ ಬಹಳ. ದತ್ತಾತ್ರೇಯ ತತ್ತ್ವ, ಗೀತೆ, ಭಾರತೀಯ ಸೌಂದರ್ಯಮೀಮಾಂಸೆ ಮುಂತಾದ ವಿಷಯಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳು ಬಂದವು. 1955ರಲ್ಲಿ ಆಫ್ರಿಕದ ಬಗ್ಗೆಯೂ ಒಂದು ಕೃತಿ ಅಚ್ಚಾಯಿತು. ಸಂಗೀತಗಾರನಾಗಿ ತಮ್ಮ ಒಳಬದುಕನ್ನು ಹೇಳುವ ಪುಸ್ತಕವನ್ನು ಮಾತ್ರ ಅವರು ಕೊಡಲಿಲ್ಲ.

ಪ್ರವಾಸದ ದಿನಚರಿಯನ್ನು ಪುಸ್ತಕವಾಗಿಸಿ, ಅದನ್ನು ತನ್ನದೇ ಪ್ರಕಾಶನದಿಂದ ಹೊರತಂದ ಮೈಸೂರಿನವರು ಆರ್.ಕೆ. ನಾರಾಯಣ್. ವೃತ್ತಿಯಿಂದ ಸಂಗೀತಗಾರರಲ್ಲದಿದ್ದರೂ ವೀಣೆಯ ಹುಚ್ಚಿನವರು, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಒಡನಾಡಿ. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರಕಾಶಕರ ದಾರಿ ಮುಚ್ಚಿದಾಗ ಅವರು ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಪ್ರಕಾಶನ ಆರಂಭಿಸಿದರು. 1956ರ ಸುಮಾರಿಗೆ ಅಮೆರಿಕದಲ್ಲಿ ಓಡಾಡಿದ ತಿಂಗಳುಗಳ ದಿನಚರಿ ‘ಮೈ ಡೇಟ್‌ಲೆಸ್ ಡೈರಿ’ ಎಂದು 1960ರ ದಶಕದಲ್ಲಿ ಹೊರಬಂತು. ಬರ್ಕ್ಲಿಯ ಹೋಟೆಲಿನ ಕೋಣೆಯೊಂದರಲ್ಲಿ ಕೂತು ‘ದಿ ಗೈಡ್’ ಕಾದಂಬರಿ ಬರೆದ ಕಾಲದ ಕಥೆಯೂ ಅದರಲ್ಲಿದೆ. ಸಸ್ಯಾಹಾರ ಹುಡುಕುವ ಪಾಡು, ಬಸ್ಸು ರೈಲುಗಳ ಗೊಂದಲ, ಯಾರೋ ಅಪರಿಚಿತರ ಜೊತೆಗಿನ ಅರೆಬರೆ ಮಾತು, ಇಷ್ಟೇ ಸಾಮಗ್ರಿ. ತಾರೀಕುಗಳಿಲ್ಲದ ಆ ದಿನಚರಿಯಲ್ಲಿ ಇರುವ ಹಗುರ, ಅವರ 1974ರ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೆಂಡತಿಯ ಸಾವಿನ ಪುಟಗಳ ಬಳಿ ಬಂದಾಗ ಸಹಜವಾಗಿಯೇ ಕಳಚಿಹೋಗುತ್ತದೆ.

ಬಿ.ವಿ. ಕಾರಂತ

ರಂಗಸಂಗೀತದ ಬಾಬುಕೋಡಿ ವೆಂಕಟರಮಣ ಕಾರಂತರು (1929–2002) ಪಂಕ್‌ನವರು ಕೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದಂಥ ಮನುಷ್ಯ. ಕಲ್ಲು, ಬಿದಿರು, ಡಬ್ಬ, ಕಾಗದದ ಸರಪರ ಏನು ಸಿಕ್ಕರೂ ಅದರಿಂದ ನಾದ ಹೊರಡಿಸುತ್ತಿದ್ದರು. ಹಾಡಲು ಬಾರದ ನಟರಿಂದ ಹಾಡಿಸುತ್ತಿದ್ದರು. ಶ್ರುತಿ ಶುದ್ಧಿಗಿಂತ ಸನ್ನಿವೇಶದ ಶುದ್ಧಿ ಅವರಿಗೆ ಮುಖ್ಯ. ಹಾಗೆಂದು ಶಾಸ್ತ್ರ ಗೊತ್ತಿಲ್ಲದೆ ಹೀಗೆ ಮಾಡಿದವರಲ್ಲ, ಕಾಶಿಯಲ್ಲಿ ಓಂಕಾರನಾಥ ಠಾಕೂರ್ ಅವರ ಬಳಿ ಹಿಂದೂಸ್ತಾನಿ ಸಂಗೀತ ಕಲಿತಿದ್ದರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು.

ಅವರ ಬದುಕೇ ಅಲೆದಾಟ. ಬಂಟ್ವಾಳದ ಕಡೆಯ ಮಂಚಿಯಿಂದ ಬಾಲ್ಯದಲ್ಲೇ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಹಿಂದಿ ಎಂ.ಎ. ಮಾಡಿದರು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಮುಂದೆ 1977ರಿಂದ ಅದಕ್ಕೇ ನಿರ್ದೇಶಕರಾದರು. ಭೋಪಾಲದ ರಂಗಮಂಡಲ ಕಟ್ಟಿದರು. 1989ರಲ್ಲಿ ಮೈಸೂರಿಗೆ ಬಂದು ರಂಗಾಯಣದ ಮೊದಲ ನಿರ್ದೇಶಕರಾದರು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ ಓದುವ ಪುಸ್ತಕವಾಗಿಯೇ ಉಳಿಯುವ ಅಪಾಯವಿತ್ತು. ಕಾರಂತರು ಅದನ್ನು ರಂಗಾಯಣದ ನಟರ ಕೈಯಲ್ಲಿ ಆಡಿಸಿ, ಕನ್ನಡದಲ್ಲಿ ಗೀತನಾಟಕ ನಿಲ್ಲಬಲ್ಲದು ಎಂದು ತೋರಿಸಿದರು. ಕುವೆಂಪು ಅವರ ‘ಕಿಂದರಿಜೋಗಿ’ಯನ್ನೂ ರಂಗಕ್ಕೆ ತಂದರು.

ಕಾರಂತರ ಆತ್ಮಕಥನ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಅವರೇ ಬರೆದದ್ದಲ್ಲ. ಅವರು ಹೇಳುತ್ತ ಹೋದದ್ದನ್ನು ಕಥೆಗಾರ್ತಿ ವೈದೇಹಿ ಬರಹಕ್ಕಿಳಿಸಿದರು. ಕಾರಂತರು ತೀರಿಕೊಂಡ ಮೇಲೆ ಪುಸ್ತಕ ಓದುಗರ ಕೈ ಸೇರಿತು. ಕಾರಂತರ ಮಾತು ಒಂದರಿಂದ ಇನ್ನೊಂದಕ್ಕೆ ಹಾರುವಂಥದ್ದು; ಕರಾವಳಿ ಕನ್ನಡದ ಲಯ ಬಲ್ಲ ವೈದೇಹಿ ಅದನ್ನು ಹೊಲಿದು ಜೋಡಿಸಿದ್ದಾರೆ, ಆದರೆ ಇಸ್ತ್ರಿ ಹಾಕಿಲ್ಲ. ಹಸಿವು, ಕಂಪನಿ ಮನೆಯ ಊಟ, ಬಣ್ಣದ ಆಸೆ, ಎಲ್ಲೂ ನೆಲೆ ನಿಲ್ಲದ ಚಡಪಡಿಕೆ, ಇವನ್ನು ಅವರು ಮರೆಮಾಚಿಲ್ಲ. ಅವರ ಹೆಂಡತಿ, ರಂಗ ಹಾಗೂ ಚಿತ್ರ ನಿರ್ದೇಶಕಿ ಪ್ರೇಮಾ ಕಾರಂತ ಅವರ ಆತ್ಮಕಥೆ ‘ಸೋಲಿಸಬೇಡ ಗೆಲಿಸಯ್ಯ’ವನ್ನು ಜೊತೆಗಿಟ್ಟು ಓದಬೇಕು. ಊರೂರು ತಿರುಗುವ ಕಲಾವಿದನ ಮನೆಯಲ್ಲಿ ಉಳಿದವರಿಗೆ ಆ ತಿರುಗಾಟ ಹೇಗೆ ಕಾಣುತ್ತದೆ ಎಂಬುದನ್ನು ಗಂಡನ ಪುಸ್ತಕವೊಂದರಿಂದಲೇ ತಿಳಿಯಲಾಗುವುದಿಲ್ಲ.

ಹೇಳಿ ಬರೆಸುವ ಈ ಪದ್ಧತಿ ಮೈಸೂರಿಗಷ್ಟೇ ಸೇರಿದ್ದಲ್ಲ. ವೃತ್ತಿರಂಗಭೂಮಿಯ ಹಾಡುಗಾರ ನಟ ಏಣಗಿ ಬಾಳಪ್ಪನವರ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಮೈಸೂರಿನ ಪತ್ರಕರ್ತ ಗಣೇಶ ಅಮೀನಗಡ ಅವರ ನಿರೂಪಣೆಯಲ್ಲಿ ಬಂದಿದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ತಮ್ಮ ‘ನನ್ನ ಬದುಕಿನ ಹಾಡು’ ಪುಸ್ತಕದಲ್ಲಿ ಗುರು ಸವಾಯಿ ಗಂಧರ್ವರ ಬಳಿ ಕಲಿಯಲು ಕುಂದಗೋಳಕ್ಕೆ ಮಾಡುತ್ತಿದ್ದ ರೈಲು ಪ್ರಯಾಣ, ಕುಲದ ಹೆಸರಿನಲ್ಲಿ ಕೇಳಿದ ಚುಚ್ಚುಮಾತುಗಳನ್ನು ನೆನೆಯುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಆಚಾರ್ಯರ ಪುಸ್ತಕಗಳಿಗೆ ಹತ್ತಿರದ ಬಂಧು. ಗುರುಗಳಾದ ಮಂಜೀಖಾನ್, ಭೂರ್ಜೀಖಾನರ ಮಾತು ಬಂದರೆ ಸಾಕು, ಮನ್ಸೂರರು ತಮ್ಮನ್ನು ಮರೆತೇಬಿಡುತ್ತಾರೆ.

ಹಾಡು, ಸಿಟ್ಟು, ಬೀದಿ

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯದಲ್ಲೆಲ್ಲ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಸಚಿವ ಸ್ಥಾನ ಕಳೆದುಕೊಂಡರು. ಆ ಬೆಂಕಿಯಿಂದ ದಲಿತ ಚಳವಳಿಯೂ ಅದರ ಹಾಡುಗಳೂ ಎದ್ದವು. ತಮಟೆಯೊಂದಿದ್ದರೆ ಸಾಕು, ಶ್ರುತಿಪೆಟ್ಟಿಗೆ ಬೇಡ, ವೇದಿಕೆ ಬೇಡ. ಸಿದ್ಧಲಿಂಗಯ್ಯನವರ (1954–2021) ಪದ್ಯಗಳು ಅಚ್ಚಿನ ಪುಟಕ್ಕಿಂತ ಮೆರವಣಿಗೆಗಳಲ್ಲಿ ಹೆಚ್ಚು ಬಾಳಿದವು. ಇಂಗ್ಲೆಂಡಿನಲ್ಲಿ ಪಂಕ್ ಶುರುವಾದದ್ದೂ ಹೆಚ್ಚುಕಡಿಮೆ ಇದೇ ದಶಕದಲ್ಲಿ. ಎರಡಕ್ಕೂ ಸಂಬಂಧವಿಲ್ಲ. ಆದರೆ ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಮಾತಿನಲ್ಲಿ ಎರಡೂ ಹತ್ತಿರದವು.

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದುಗರನ್ನು ಬೇರೆಯದೇ ರೀತಿಯಲ್ಲಿ ಬೆಚ್ಚಿಬೀಳಿಸಿತು. ಹಾಡಿನಲ್ಲಿ ಕೆಂಡ ಉಗುಳಿದ ಕವಿ ಗದ್ಯದಲ್ಲಿ ನಗಿಸುತ್ತಾರೆ. ಹಸಿವು, ಅವಮಾನಗಳ ಪ್ರಸಂಗಗಳನ್ನೂ ತಮಾಷೆಯ ಕಥೆ ಹೇಳುವಂತೆ ಹೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ದ ಕಹಿ ಇದಕ್ಕೆ ತದ್ವಿರುದ್ಧ. ಆಸ್ಥಾನದ ಸಂಗೀತಗಾರರ ನೆನಪಿನ ಪುಸ್ತಕಗಳಲ್ಲಿ ಕಾಣದ ಊರಿನ ಅರ್ಧ ಭಾಗ ಈ ಪುಸ್ತಕಗಳಲ್ಲಿದೆ. ಎರಡನ್ನೂ ಓದದೆ ಹಳೆಯ ಮೈಸೂರು ಸೀಮೆಯಲ್ಲಿ ಯಾರು ಯಾರ ಹಾಡನ್ನು ಎಲ್ಲಿ ನಿಂತು ಕೇಳಬಹುದಿತ್ತು ಎಂಬುದು ತಿಳಿಯುವುದಿಲ್ಲ.

ಈಚಿನವರು

ಸರೋದ್ ವಾದಕ ರಾಜೀವ ತಾರಾನಾಥರು (1932–2024) ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ, ಕನ್ನಡ ನವ್ಯ ವಿಮರ್ಶೆಯ ಮೊನಚು ದನಿ, ಅಲಿ ಅಕ್ಬರ್ ಖಾನರ ಶಿಷ್ಯ. ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಕೊಟ್ಟವರು, ಕ್ಯಾಲಿಫೋರ್ನಿಯದಲ್ಲಿ ವರ್ಷಗಟ್ಟಲೆ ಸಂಗೀತ ಕಲಿಸಿದವರು, ಕೊನೆಗೆ ಮೈಸೂರಿನಲ್ಲಿ ನೆಲೆಸಿದವರು. ಬರೆಯುವ ಸಾಮರ್ಥ್ಯ, ಬರೆಯಲು ಬೇಕಾದ ಬದುಕು ಎರಡೂ ಒಬ್ಬರಲ್ಲೇ ಕೂಡಿದ್ದ ಅಪರೂಪದ ಉದಾಹರಣೆ. ಆದರೂ ಅವರ ಒಳ್ಳೆಯ ಸ್ವಾನುಭವದ ಮಾತುಗಳು ಸಂದರ್ಶನಗಳಲ್ಲಿ, ಶಿಷ್ಯರ ಮುಂದಿನ ಹರಟೆಯಲ್ಲಿ ಹಂಚಿಹೋದವು. ಗುರುವಿನ ವಿಷಯ ಬಂದಾಗ ಅವರ ಮಾತಿನ ಮೊನಚು ಮೆತ್ತಗಾಗುತ್ತಿದ್ದುದನ್ನು ಕೇಳಿದವರು ಬಲ್ಲರು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ‘ಅಂತರಾಗ್ನಿ’ ತಂಡದಿಂದ ಆರಂಭಿಸಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ 2011ರ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಕೊಂಡೊಯ್ದರು. ರಾಲಿನ್ಸ್ ವ್ಯಾನಿನಲ್ಲಿ ಬರೆದುಕೊಂಡದ್ದಕ್ಕೆ ಸಮನಾದ ಅನುಭವ ಈ ಪೀಳಿಗೆಯ ಕನ್ನಡ ತಂಡಗಳಿಗೆ ಧಾರಾಳವಾಗಿದೆ: ರಾತ್ರಿ ಬಸ್ಸು, ಕೈಕೊಡುವ ಸೌಂಡ್ ಸಿಸ್ಟಮ್, ಬಾಕಿ ಉಳಿದ ಸಂಭಾವನೆ, ಭಾಷೆ ಗೊತ್ತಿಲ್ಲದ ಊರಿನಲ್ಲಿ ಕನ್ನಡ ಪದಕ್ಕೆ ಕುಣಿಯುವ ಜನ. ಇವರು ಅದನ್ನು ಸಂದರ್ಶನಗಳಲ್ಲಿ, ಹಾಡಿನ ನಡುವಿನ ಮಾತುಗಳಲ್ಲಿ, ಫೋನಿನಲ್ಲಿ ಹಿಡಿದ ವಿಡಿಯೊ ತುಣುಕುಗಳಲ್ಲಿ ಹೇಳುತ್ತಾರೆ. ಗೌಹರ್ ಜಾನ್ ಅವರ ಕಾಗದಗಳನ್ನು ಕಾದಿಡಲು ಅರಮನೆಗೆ ಒಂದು ದಫ್ತರಖಾನೆಯಿತ್ತು. ಈ ತುಣುಕುಗಳನ್ನು ಅಂಥ ಶಿಸ್ತಿನಿಂದ ಕೂಡಿಡುವ ಕೆಲಸ ಇನ್ನೂ ಆಗಬೇಕಿದೆ.